ಅಕ್ಕನ್ನ ಕೇಳಿ: ಏಳನೇ ಪೀಸಿಗೆ ಬಿಟ್ಟೆ, ನಾಲ್ಕು ದಿನ ಆದ್ರೂ ಉರಿ ಹೋಗಿಲ್ಲ

ಪ್ರಶ್ನೆ: ಅಕ್ಕಾ, ನಂಗೆ 26 ವರ್ಷ, ಮನೆ ರಾಜಾಜಿನಗರ, ಕೆಲಸ ಮಾರತ್ತಹಳ್ಳಿ ಕಡೆ. ಕಳೆದ ಶುಕ್ರವಾರ ಟೀಮ್‌ನೋರೆಲ್ಲ ಸೇರಿ ಕೋರಮಂಗಲದ ಒಂದು ರೆಸ್ಟೋರೆಂಟ್‌ಗೆ ಹೋಗಿದ್ವಿ, ಅಲ್ಲಿ ಖಾರದ ಚಾಲೆಂಜ್ ಇತ್ತು, 15 ನಿಮಿಷದಲ್ಲಿ 10 ಚಿಕನ್ ವಿಂಗ್ಸ್, ಮಧ್ಯೆ ನೀರು ಹಾಲು ಏನೂ ಮುಟ್ಟಂಗಿಲ್ಲ, ಗೆದ್ರೆ ಬಿಲ್ ಫ್ರೀ, ಗೋಡೆ ಮೇಲೆ ಫೋಟೋ. ಏನಾದ್ರೂ ಆದ್ರೆ ನಾವು ಜವಾಬ್ದಾರರಲ್ಲ ಅಂತ ಮೊದಲೇ ಒಂದು ಪೇಪರ್‌ಗೆ ಸೈನ್ ಹಾಕಿಸ್ಕೊಂಡ್ರು. ಮೂರನೇ ಪೀಸಿಗೇ ಬಿಕ್ಕಳಿಕೆ ಶುರು, ನಿಲ್ಲಿಸೋಣ ಅಂದ್ಕೊಂಡೆ, ಆದ್ರೆ ಎಲ್ಲರೂ ಮೊಬೈಲ್ ಹಿಡ್ಕೊಂಡು ‘ಏನ್ ಗುರು ಇಷ್ಟೇನಾ’ ಅಂತಿದ್ರು, ಏಳರ ತನಕ ತಿಂದೆ, ಆಮೇಲೆ ಕೈ ನಡುಗಕ್ಕೆ ಶುರುವಾಗಿ ಬಿಟ್ಬಿಟ್ಟೆ. ಅದೇ ಕೈಯಲ್ಲಿ ಕಣ್ಣು ಬೇರೆ ಉಜ್ಕೊಂಡೆ. ಒಬ್ಬ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡು ಅಂದ, ಮಾಡ್ಲಿಲ್ಲ. ರಾತ್ರಿಯೆಲ್ಲ ಹೊಟ್ಟೆ ನುಲಿದು ಬಾತ್ರೂಮಲ್ಲೇ ಕಳೆದೆ, ಅಮ್ಮ ನೋಡಿ ಹೆದರ್ಕೊಂಡ್ರು. ಇವತ್ತಿಗೆ ನಾಲ್ಕನೇ ದಿನ, ಊಟ ಆದ್ಮೇಲೆ ಇನ್ನೂ ಎದೆ ಕೆಳಗೆ ಉರಿ. ವಿಡಿಯೋ ಆಫೀಸ್ ಗ್ರೂಪಲ್ಲಿ ಓಡಾಡ್ತಿದೆ. ಹೊಟ್ಟೆ ಪರ್ಮನೆಂಟಾಗಿ ಹಾಳಾಯ್ತಾ ಅಕ್ಕ? ಯಾಕಾದ್ರೂ ಕೂತ್ನೋ ಅನ್ನಿಸ್ತಿದೆ.
– ಹೆಸರು ಬೇಡ, ರಾಜಾಜಿನಗರ

ಉತ್ತರ: ತಮ್ಮಾ, ನಿಮ್ಮ ಮೇಲ್ ಬಂದ ದಿನಾನೇ ಡಾಕ್ಟರ್‌ಗೆ ತೋರಿಸಿ ಅಂತ ಬರೆದು ಕಳಿಸಿದ್ದೆ, ಬೇರೆಯವರಿಗೂ ಉಪಯೋಗ ಆಗ್ಲಿ ಅಂತ ಇಲ್ಲಿ ಪೂರ್ತಿ ಬರೀತಿದ್ದೀನಿ. ಇಂಥ ಉರಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತೆ, ನಾಲ್ಕನೇ ದಿನಾನೂ ಇದೆ ಅಂದ್ರೆ ಒಳಗೆ ಮೊದಲೇ ಗ್ಯಾಸ್ಟ್ರಿಕ್ಕೋ ಅಲ್ಸರ್ರೋ ಏನಾದ್ರೂ ಇತ್ತಾ ಅಂತ ಡಾಕ್ಟರೇ ನೋಡ್ಬೇಕು. ಪರ್ಮನೆಂಟಾಗಿ ಹಾಳಾಯ್ತು ಅಂತ ನೀವೇ ತೀರ್ಮಾನ ಮಾಡ್ಕೊಂಡು ಕೊರಗ್ಬೇಡಿ. ಆದ್ರೆ ವಾಂತೀಲಿ ರಕ್ತ, ಟಾರಿನ ಥರ ಕಪ್ಪು ಮಲ, ಎದೆ ಹಿಡ್ಕೊಂಡಂಗೆ ನೋವು, ಉಸಿರು ಕಟ್ಟೋದು, ಸಿಡಿಲು ಬಡಿದಂಗೆ ತಲೆನೋವು, ಇದರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ಹೊಟ್ಟೆ ನೋವು ಅಂತ ಮನೇಲಿರೋ ನೋವಿನ ಮಾತ್ರೆ ಮಾತ್ರ ನುಂಗ್ಬೇಡಿ, ಐಬುಪ್ರೊಫೆನ್ ಥರದ ಮಾತ್ರೆಗಳು ಹೊಟ್ಟೆ ಒಳಪದರಕ್ಕೆ ಇನ್ನೂ ಕಷ್ಟ ಕೊಡ್ತವೆ.

ಬೆರಳು ಹಾಕಿ ವಾಂತಿ ಮಾಡ್ಲಿಲ್ಲ ಅಂತ ಓದಿ ನಿಜವಾಗ್ಲೂ ನಂಗೆ ಸಮಾಧಾನ ಆಯ್ತು. ಅಮೆರಿಕದಲ್ಲಿ 47 ವರ್ಷದ ಒಬ್ರು ಇಂಥದ್ದೇ ಸ್ಪರ್ಧೇಲಿ ಭೂತ್ ಜೊಲೊಕಿಯಾ ಮೆಣಸಿನಕಾಯಿ ಹಾಕಿದ್ದ ಬರ್ಗರ್ ತಿಂದು, ಆಮೇಲೆ ಜೋರಾಗಿ ವಾಂತಿ ಆಗಿ ಆಗಿ ಅನ್ನನಾಳಾನೇ ಹರಿದುಹೋಯ್ತು, 23 ದಿನ ಆಸ್ಪತ್ರೇಲಿದ್ರು, 2016ರಲ್ಲಿ ಡಾಕ್ಟರ್‌ಗಳ ಪತ್ರಿಕೇಲಿ ಬಂದ ಕೇಸು ಇದು. ತೀರಾ ಅಪರೂಪ ನಿಜ, ಆದ್ರೂ ಖಾರ ತಿಂದು ಒದ್ದಾಡ್ತಿರೋರಿಗೆ ಬಲವಂತದ ವಾಂತಿ ಯಾರೂ ಮಾಡಿಸ್ಬೇಡಿ.

ಉರಿ ಯಾಕೆ ಆಯ್ತು ಅಂತ ತಿಳ್ಕೊಂಡ್ರೆ ನಿಮ್ಮ ನಾಚಿಕೆ ಅರ್ಧ ಕಮ್ಮಿ ಆಗುತ್ತೆ. ಸಿಹಿ ಹುಳಿ ಉಪ್ಪಿನ ಥರ ಖಾರ ನಾಲಿಗೆಯ ರುಚಿ ಅಲ್ಲ, ಅದು ನೋವು. ಬಿಸಿ ಸುಮಾರು 43 ಡಿಗ್ರಿ ದಾಟಿದ್ರೆ ‘ಸುಡ್ತಿದೆ’ ಅಂತ ಮಿದುಳಿಗೆ ಸುದ್ದಿ ಕಳಿಸೋ ಒಂದು ಬಾಗಿಲು ನಮ್ಮ ನರಗಳಲ್ಲಿದೆ, ಮೆಣಸಿನಕಾಯಲ್ಲಿರೋ ಕ್ಯಾಪ್ಸೈಸಿನ್ ಅದೇ ಬಾಗಿಲನ್ನ ತೆಗೆಯುತ್ತೆ. 1997ರಲ್ಲಿ ಇದನ್ನ ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಬೆಂಕಿ ಇಲ್ಲ, ಆದ್ರೆ ದೇಹ ಬೆಂಕಿ ಬಿದ್ದಿದೆ ಅಂತಾನೇ ನಂಬುತ್ತೆ, ಅದಕ್ಕೇ ಕಣ್ಣಲ್ಲಿ ಮೂಗಲ್ಲಿ ನೀರು, ಮೈಯೆಲ್ಲ ಬೆವರು, ಕರುಳು ಕೂಡ ಇದನ್ನ ಬೇಗ ಆಚೆ ಹಾಕ್ಬೇಕು ಅಂತ ಹಿಂಡುತ್ತೆ. ಅದೇ ಬಾಗಿಲು ಕರುಳಿನ ಕೊನೆ ತನಕ ಇರೋದ್ರಿಂದ ಬೆಳಗ್ಗೆ ಬಾತ್ರೂಮಲ್ಲೂ ಉರಿ. ನಿಮ್ಮ ದೇಹ ಸರಿಯಾಗೇ ಕೆಲಸ ಮಾಡಿದೆ ತಮ್ಮಾ, ಬಿಕ್ಕಳಿಕೆ ಬಂದಾಗ್ಲೇ ಸಾಕು ಅಂದಿತ್ತು, ಸುತ್ತ ನಿಂತಿದ್ದವರ ಗಲಾಟೇಲಿ ಅದರ ಮಾತು ನಿಮಗೆ ಕೇಳಿಸ್ಲಿಲ್ಲ.

ಇನ್ನೊಂದು, ಆ ಸಾಸ್ ನಮ್ಮನೆ ಖಾರದ ಲೆಕ್ಕಕ್ಕೆ ಸಿಗೋದೇ ಅಲ್ಲ. ನಮ್ಮೂರು ಹಾವೇರಿ ಕಡೆ, ಬ್ಯಾಡಗಿ ಮೆಣಸಿನಕಾಯಿ ನೋಡ್ತಾ ಬೆಳೆದೋಳು ನಾನು, ಅದರಲ್ಲಿ ಕಡ್ಡಿ ಡಬ್ಬಿ ಎರಡು ಬಗೆಯೂ ಗೊತ್ತು, ಅದಕ್ಕೆ ಬೆಲೆ ಇರೋದು ಕೆಂಪು ಬಣ್ಣಕ್ಕೆ, ಖಾರ ಕಮ್ಮೀನೇ. ಗುಂಟೂರಿನದ್ದು ಅದಕ್ಕಿಂತ ಜೋರು, ಸ್ಕೋವಿಲ್ ಅನ್ನೋ ಅಳತೇಲಿ ಸುಮಾರು 35ರಿಂದ 40 ಸಾವಿರ. ಇಂಥ ಚಾಲೆಂಜ್‌ಗಳಿಗೆ ಬಳಸೋ ಕ್ಯಾರೊಲಿನಾ ರೀಪರ್ ಅನ್ನೋ ಮೆಣಸಿನಕಾಯಿ ಸರಾಸರಿ 16 ಲಕ್ಷದ ಮೇಲಿದೆ, ಅಂದ್ರೆ ಗುಂಟೂರಿನ 40 ಪಟ್ಟು. ಅಜ್ಜಿ ಮಾಡಿದ ಕಾಯಿರಸ ತಿಂದು ಬೆಳೆದ ಹೊಟ್ಟೆ ಇದಕ್ಕೆ ಸೋತ್ರೆ ಅದನ್ನ ಸೋಲು ಅಂತ ನಾನಂತೂ ಕರೆಯಲ್ಲ.

ಮತ್ತೆ ಆ ನಿಯಮ, ಹಾಲು ಮುಟ್ಟಂಗಿಲ್ಲ ಅನ್ನೋದು, ನಂಗೆ ತುಂಬಾ ಸಿಟ್ಟು ಬರಿಸಿದ್ದು ಅದೇ. ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ, ನೀರು ಕುಡಿದ್ರೆ ಬಾಯೆಲ್ಲ ಹರಡುತ್ತೆ ಅಷ್ಟೇ, ಹಾಲು ಮೊಸರಲ್ಲಿರೋ ಕೇಸಿನ್ ಅನ್ನೋ ಪ್ರೋಟೀನ್ ಮಾತ್ರ ಅದನ್ನ ಹಿಡ್ಕೊಂಡು ನಾಲಿಗೆಯಿಂದ ಬಿಡಿಸುತ್ತೆ. ನಮ್ಮ ಊಟದ ಕೊನೇಲಿ ಮೊಸರನ್ನ ಬರೋದು ಎಷ್ಟು ಒಳ್ಳೇ ಪದ್ಧತಿ ನೋಡಿ. ಇರೋ ಒಂದು ಉಪಾಯಾನೂ ಕಿತ್ಕೊಂಡು, ಜವಾಬ್ದಾರಿ ನಮ್ಮದಲ್ಲ ಅಂತ ಸೈನೂ ಹಾಕಿಸ್ಕೊಳ್ತಾರೆ ಅಂದ್ರೆ, ಅನ್ನ ಹಾಕೋ ಜಾಗದಲ್ಲಿ ಅಂಥ ಪೇಪರ್ ಮುಂದಿಟ್ಟಾಗ್ಲೇ ಎದ್ದು ಬರಬೇಕು. ಕೈಗೆ ಖಾರ ಹತ್ತಿದ್ರೆ ಮೊದಲು ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪಲ್ಲಿ ಎರಡು ಸಲ ತೊಳೀರಿ, ಕಣ್ಣಿಗೆ ಬಿದ್ರೆ ಕೈ ತೊಳ್ಕೊಂಡೇ ಕಣ್ಣಿಗೆ ತಣ್ಣೀರು ಬಿಡ್ತಾ ಇರಿ. ಭೇದಿ ಆಗ್ತಿದ್ರೆ ಓಆರ್‌ಎಸ್. ಒಂದು ವಾರ ಗಂಜಿ, ಮೊಸರನ್ನ, ಬೇಳೆ ಕಟ್ಟು ಸಾಕು, ಕಾಫಿ ಬಿಡಿ.

ವಿಡಿಯೋ ವಿಷಯ. ಗ್ರೂಪಲ್ಲಿ ನಗ್ತಾ ಎಮೋಜಿ ಹಾಕ್ಬೇಡಿ, ಹಾಕಿದ್ದಕ್ಕೇ ಇವನಿಗೆ ಬೇಜಾರಿಲ್ಲ ಅಂದ್ಕೊಳ್ತಾರೆ. ತೆಗೆದವರಿಗೆ ಒಬ್ರಿಗೇ ಫೋನ್ ಮಾಡಿ, ‘ನಾಲ್ಕು ದಿನ ಆದ್ರೂ ಹುಷಾರಿಲ್ಲ, ಅಮ್ಮ ಹೆದರ್ಕೊಂಡಿದ್ದಾರೆ, ದಯವಿಟ್ಟು ಡಿಲೀಟ್ ಮಾಡು’ ಅಂತ ನೇರವಾಗಿ ಹೇಳಿ. ಬಹಳ ಜನಕ್ಕೆ ನೀವು ಅಷ್ಟು ನರಳಿದ್ದು ಗೊತ್ತೇ ಇರಲ್ಲ. ಅಮ್ಮಂಗೂ ನಡೆದಿದ್ದೆಲ್ಲ ಹೇಳಿ, ಹೊರಗಿನ ಊಟ ಆಗ್ಲಿಲ್ಲ ಅಂತ ಮುಚ್ಚಿಡ್ಬೇಡಿ, ಡಾಕ್ಟರ್ ಹತ್ರ ಜೊತೇಲಿ ಬರೋರು ಅವರೇ ತಾನೇ.

ಪ್ರಶ್ನೆ: ಮೇಡಂ, ನನ್ನ ಮಗ ಎಂಟನೇ ಕ್ಲಾಸು. ಫ್ರೆಂಡ್ಸ್ ಜೊತೆ ಕೊರಿಯಾದ ಖಾರದ ನೂಡಲ್ಸ್ ತಂದು ಯಾರು ನೀರು ಕುಡೀದೆ ತಿಂತಾರೆ ಅಂತ ಪಂದ್ಯ ಕಟ್ತಾನೆ. ಬೈದ್ರೆ ಮುಚ್ಚಿಟ್ಟು ತಿಂತಾನೆ. ಏನ್ ಮಾಡ್ಲಿ?
– ಒಬ್ಬ ತಾಯಿ, ಜಯನಗರ

ಉತ್ತರ: ನಿಮ್ಮ ಭಯ ಸರಿಯಾಗೇ ಇದೆ. 2024ರ ಜೂನ್‌ನಲ್ಲಿ ಡೆನ್ಮಾರ್ಕ್ ಸರ್ಕಾರ ಇಂಥ ಮೂರು ಬಗೆ ನೂಡಲ್ಸನ್ನ ಅಂಗಡಿಗಳಿಂದ ವಾಪಸ್ ತರಿಸಿತ್ತು, ಆಮೇಲೆ ಎರಡಕ್ಕೆ ಮತ್ತೆ ಬಿಡ್ತು, ಹಾಗಾಗಿ ಎಲ್ಲಾ ಪ್ಯಾಕೆಟ್ಟೂ ವಿಷ ಅಂತ ಅಲ್ಲ, ಆದ್ರೆ ಮಕ್ಕಳ ದೇಹ ಚಿಕ್ಕದು, ಅದೇ ಖಾರ ಅವರಿಗೆ ಜಾಸ್ತಿ ತಾಗುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ 14 ವರ್ಷದ ಹುಡುಗ ಚಾಲೆಂಜ್‌ನ ಒಂದೇ ಒಂದು ಚಿಪ್ ತಿಂದು ಅವತ್ತೇ ತೀರ್ಕೊಂಡ. ಆ ಮಗುವಿನ ಹೃದಯ ದೊಡ್ಡದಾಗಿತ್ತು, ಹುಟ್ಟಿನಿಂದಲೇ ದೋಷ ಇತ್ತು ಅಂತ ಪೋಸ್ಟ್‌ಮಾರ್ಟಂನಲ್ಲಿ ಗೊತ್ತಾಯ್ತು. ನಮ್ಮ ಮಕ್ಕಳ ಹೃದಯದೊಳಗೆ ಏನಿದೆ ಅಂತ ನಾವೂ ನೋಡಿರಲ್ಲ, ನಂಗೆ ಕಾಡೋದು ಅದೇ.

ಬೈಗುಳ ಬಿಡಿ. ಒಂದು ಭಾನುವಾರ ನೀವೇ ಆ ನೂಡಲ್ಸ್ ಮಾಡಿ, ಸಾಸ್ ಪ್ಯಾಕೆಟ್ಟಲ್ಲಿ ಕಾಲು ಭಾಗ ಮಾತ್ರ ಹಾಕಿ, ಮೊಟ್ಟೆನೋ ತರಕಾರಿನೋ ಸೇರಿಸಿ, ಪಕ್ಕದಲ್ಲಿ ಮಜ್ಜಿಗೆ ಇಟ್ಟು ಜೊತೇಲಿ ಕೂತು ತಿನ್ನಿ, ಆಗ ಈ ಹುಡುಗನ ಸುದ್ದಿ ಮೆಲ್ಲಗೆ ಹೇಳಿ. ತಿನ್ಬೇಡ ಅನ್ನೋದಕ್ಕಿಂತ ಪಂದ್ಯ ಬೇಡ, ಬೇಕು ಅನ್ನಿಸ್ದಾಗ ಹಾಲು ಕುಡಿ ಅನ್ನೋದನ್ನ ಅವನು ಒಪ್ಕೊಳ್ತಾನೆ. ಅವನಿಗೆ ವೀಸಿಂಗ್ ಇದ್ರೆ ಮಾತ್ರ ಪೂರ್ತಿ ಬೇಡ.

ಪ್ರಶ್ನೆ: ನಾನು ಬಾಗಲಕೋಟಿಯವ್ನು, ದಿನಾ ರೊಟ್ಟಿ ಜೊತಿ ರಂಜಕ ತಿಂತೀನ್ರಿ. ಬೆಂಗಳೂರಿನ ಇಂಥಾ ಚಾಲೆಂಜ್ ನಮಗೇನ್ ಮಹಾ?
– ವಿಜಯನಗರ

ಉತ್ತರ: ಅಣ್ಣಾ, ದಿನಾ ತಿಂದ್ರೆ ಬಾಯಿಯ ನರಗಳು ಸ್ವಲ್ಪ ಒಗ್ಗಿಕೊಳ್ತವೆ, ಅದು ನಿಜ, ನರದ ನೋವಿಗೆ ಕ್ಯಾಪ್ಸೈಸಿನ್ ಕ್ರೀಮ್ ಕೊಡೋದೂ ಇದೇ ಗುಣದಿಂದ. ಆದ್ರೆ ಬಾಯಿ ತಡೆದಷ್ಟೂ ಹೆಚ್ಚು ಒಳಗೆ ಹೋಗುತ್ತೆ, ಹೊಟ್ಟೆ ಬಾಯಿಯಷ್ಟು ಪಳಗಿರಲ್ಲ. ರಂಜಕದಲ್ಲಿ ಬೆಳ್ಳುಳ್ಳಿ ಇದೆ, ಹುಳಿ ಇದೆ, ಮೇಲೆ ಎಣ್ಣೆನೋ ಗಟ್ಟಿ ಮೊಸರೋ ಹಾಕ್ಕೊಂಡು ರೊಟ್ಟಿಗೆ ಬೆರಳ ತುದಿಯಷ್ಟು ಹಚ್ಕೊಂಡು ತಿಂತೀವಿ, ಅಮ್ಮ ಬಡಿಸೋವಾಗ ಸಾಕಾ ಅಂತ ಕೇಳ್ತಾಳೆ. ಅಲ್ಲಿ ಸಾಕಾ ಅಂತ ಕೇಳೋರು ಯಾರೂ ಇರಲ್ಲ. ಹೋಗ್ಲೇಬೇಕು ಅಂದ್ರೆ ಖಾಲಿ ಹೊಟ್ಟೇಲಿ ಹೋಗ್ಬೇಡಿ, ಬಿಪಿ, ಅಲ್ಸರ್, ಹೃದಯದ ತೊಂದರೆ ಇದ್ರೆ ಹೋಗ್ಲೇಬೇಡಿ, ಪೇಪರ್‌ಗೆ ಸೈನ್ ಕೇಳಿದ್ರೆ ಒಂದು ಪ್ಲೇಟ್ ಸಾದಾ ಊಟ ಮಾಡಿ ಮನೆಗೆ ಬನ್ನಿ.