ಯುದ್ಧ ಬಿಡಿ, ದಿನಗಳ ಲೆಕ್ಕ ಬರೆಯಿರಿ

ನಮಸ್ಕಾರ. ನಿಮ್ಮ ಲೇಖನ ಓದಿದೆ. ಲ್ಯುಕೇಮಿಯಾಕ್ಕೆ, ಅಂದರೆ ರಕ್ತದ ಕ್ಯಾನ್ಸರಿಗೆ, ಕೊಡುವ ಕೀಮೋ ಔಷಧಿ ರಕ್ತಕಣ ತಯಾರಾಗುವ ಮೂಳೆಯೊಳಗಿನ ಮಜ್ಜೆಗೆ ಏನು ಮಾಡುತ್ತದೆ ಅಂತ ಸಾಮಾನ್ಯ ಓದುಗರಿಗೆ ತಿಳಿಸಲು ಹೊರಟಿದ್ದೀರಿ. ಬೇಕಾದ ವಿಷಯ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಇದನ್ನು ಬಿಟ್ಟುಬಿಡದೆ ತಿದ್ದಿ ಕಳಿಸಬೇಕು ಅನ್ನೋದು ನನ್ನ ಆಸೆ.

ಮೊದಲ ಪುಟ ಪೂರ್ತಿ ಯುದ್ಧ. ಕ್ಯಾನ್ಸರ್ ಶತ್ರು, ಔಷಧಿ ಬ್ರಹ್ಮಾಸ್ತ್ರ, ದೇಹ ರಣರಂಗ. ಎಲ್ಲರೂ ಬರೆದು ಬರೆದು ಸವೆಸಿದ ಮಾತು ಅನ್ನೋದು ಒಂದು ಕಡೆ ಇರಲಿ, ಆ ಮಾತೇ ನಿಮ್ಮ ಕೈಯಲ್ಲಿ ತಪ್ಪು ಬರೆಸಿದೆ. ‘ಔಷಧಿ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತದೆ’ ಅಂದಿದ್ದೀರಿ. ಈ ಔಷಧಿಗಳು ಹುಡುಕುವುದಿಲ್ಲ. ಸೈಟರಬಿನ್ ಅನ್ನೋ ಕೀಮೋ ಔಷಧಿಯನ್ನೇ ಉದಾಹರಣೆಗೆ ತಗೊಳ್ಳಿ. ಒಂದು ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯ ಪ್ರತಿ ಮಾಡಿಕೊಳ್ಳುತ್ತದೆ ಅಲ್ವಾ, ಆ ಹೊತ್ತಿನಲ್ಲಿ ಈ ಔಷಧಿ ಡಿಎನ್‌ಎಯ ಒಂದು ಬಿಡಿಭಾಗದ ವೇಷದಲ್ಲಿ ಒಳಗೆ ಸೇರಿಕೊಳ್ಳುತ್ತದೆ, ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಕೋಶ ಸಾಯುತ್ತದೆ. ಅದು ರೋಗದ ಕೋಶವೋ ಒಳ್ಳೆಯದೋ ಅನ್ನೋದು ಔಷಧಿಗೆ ಗೊತ್ತಿಲ್ಲ. ಆರೋಗ್ಯವಂತ ಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣ ತಯಾರಿಸುತ್ತದೆ. ಅಷ್ಟು ಬಿಡುವಿಲ್ಲದೆ ಒಡೆದು ಎರಡಾಗುವ ಕೋಶಗಳೇ ಮೊದಲು ಸಿಕ್ಕಿಬೀಳುತ್ತವೆ.

ಹಾಗಾದರೆ ಮಜ್ಜೆ ಮತ್ತೆ ಚಿಗುರುವುದು ಹೇಗೆ? ಈ ಪ್ರಶ್ನೆ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಉತ್ತರ ಚೆನ್ನಾಗಿದೆ. ಎಲ್ಲ ರಕ್ತಕಣಗಳಿಗೂ ಮೂಲವಾದ ಕಾಂಡಕೋಶಗಳಲ್ಲಿ ಹೆಚ್ಚಿನವು ಯಾವಾಗಲೂ ನಿದ್ದೆಯಲ್ಲೇ ಇರುತ್ತವೆ, ಅಪರೂಪಕ್ಕೆ ಒಡೆಯುತ್ತವೆ. ಒಡೆಯುತ್ತಿರುವ ಕೋಶಗಳನ್ನು ಹಿಡಿಯುವ ಔಷಧಿ ಅವುಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಔಷಧಿ ಹೋದ ಮೇಲೆ ಅವು ಎದ್ದು ಕೆಲಸ ಶುರು ಮಾಡುತ್ತವೆ. ಕಷ್ಟ ಏನಂದರೆ ಲ್ಯುಕೇಮಿಯಾ ಕೋಶಗಳಲ್ಲೂ ಕೆಲವು ಹೀಗೇ ಮಲಗಿ ಬಚಾವಾಗುತ್ತವೆ. ರಿಪೋರ್ಟ್ ಚೆನ್ನಾಗಿ ಬಂದ ಮೇಲೂ ಮತ್ತೆ ಮತ್ತೆ ಕೀಮೋ ಯಾಕೆ ಅಂತ ಕೇಳುವ ಮನೆಯವರಿಗೆ ಉತ್ತರ ಇಲ್ಲಿದೆ. ಇದಕ್ಕೆ ಜಾಗ ಕೊಡಿ.

‘ಎಲ್ಲ ರಕ್ತಕಣಗಳೂ ಒಟ್ಟಿಗೆ ಕುಸಿಯುತ್ತವೆ’ ಅನ್ನೋ ಸಾಲು ತೆಗೆಯಿರಿ. ಹೊಸದು ಬರುವುದು ನಿಂತಾಗ ಹಳೆಯದು ಎಷ್ಟು ದಿನ ಉಳಿಯುತ್ತದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಸೋಂಕಿನ ವಿರುದ್ಧ ಕೆಲಸ ಮಾಡುವ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ರಕ್ತದಲ್ಲಿ ಒಂದು ದಿನವೂ ಇರುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ 8ರಿಂದ 10 ದಿನ. ಕೆಂಪು ಕಣ ಸುಮಾರು 120 ದಿನ. ಅದಕ್ಕೇ ಬಿಳಿ ಕಣ ಬೇಗ ಬೀಳುತ್ತದೆ, ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ ನಿಧಾನಕ್ಕೆ ಇಳಿಯುತ್ತದೆ. (ಮಜ್ಜೆಯನ್ನು ರೋಗವೇ ತುಂಬಿಕೊಂಡಿದ್ದರಿಂದ ಹಲವರಿಗೆ ಕೀಮೋ ಶುರುವಾಗುವ ಮೊದಲೇ ಎಲ್ಲವೂ ಕಡಿಮೆ ಇರುತ್ತವೆ, ಇದನ್ನೂ ಹೇಳಿ.)

ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಅನ್ನೋ ವೇಗವಾಗಿ ಬೆಳೆಯುವ ಬಗೆಯಲ್ಲಿ ಬಹಳ ಕಾಲದಿಂದ ಬಂದ ಪದ್ಧತಿ 7 ದಿನ ಸೈಟರಬಿನ್, ಅದರಲ್ಲಿ 3 ದಿನ ಜೊತೆಗೆ ಡೌನೊರುಬಿಸಿನ್ ಅನ್ನೋ ಇನ್ನೊಂದು ಕೀಮೋ ಔಷಧಿ. ಡ್ರಿಪ್ ಮುಗಿಯಿತು, ಕಷ್ಟ ಮುಗಿಯಿತು ಅಂತ ಮನೆಯವರು ಅಂದುಕೊಳ್ಳುವ ಹೊತ್ತಿಗೆ ರಕ್ತಕಣಗಳ ಕೌಂಟ್ ಇನ್ನೂ ಬೀಳುತ್ತಿರುತ್ತದೆ, ಮೇಲೇಳಲು ಸಾಮಾನ್ಯವಾಗಿ ಮೂರು ನಾಲ್ಕು ವಾರ ಬೇಕು. ನೀವು ಆ ವಾರಗಳನ್ನೆಲ್ಲ ‘ನಂತರ ರೋಗಿ ಚೇತರಿಸಿಕೊಳ್ಳುತ್ತಾರೆ’ ಅಂತ ಒಂದೇ ಸಾಲಲ್ಲಿ ದಾಟಿಸಿದ್ದೀರಿ. ಓದುಗರು ನಿಮ್ಮನ್ನು ಹುಡುಕಿಕೊಂಡು ಬರುವುದೇ ಆ ವಾರಗಳಿಗಾಗಿ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಕೊನೆಯ ಪುಟದಲ್ಲಿ. ‘ಸ್ವಲ್ಪ ಜ್ವರ ಬರಬಹುದು, ಹೆದರಬೇಕಿಲ್ಲ.’ ದಯವಿಟ್ಟು ಇದನ್ನು ಎಲ್ಲೂ ಬರೆಯಬೇಡಿ. ನ್ಯೂಟ್ರೋಫಿಲ್ ಒಂದು ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿರುವಾಗ 38 ಡಿಗ್ರಿ ಸೆಲ್ಸಿಯಸ್ ಜ್ವರ ಅಂದರೆ ತುರ್ತು ಪರಿಸ್ಥಿತಿ. ಕೀವು ಅನ್ನೋದು ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ, ಅವೇ ಇಲ್ಲ ಅಂದಮೇಲೆ ಗಾಯ ಕೀವಾಗುವುದಿಲ್ಲ, ಹೆಚ್ಚು ಕೆಂಪಾಗುವುದೂ ಇಲ್ಲ. ಒಳಗೆ ಸೋಂಕು ಹಬ್ಬುತ್ತಿದ್ದರೂ ಹೊರಗೆ ಕಾಣುವ ಗುರುತು ಜ್ವರ ಒಂದೇ ಇರಬಹುದು. ಮಾತ್ರೆ ನುಂಗಿ ಬೆಳಗ್ಗೆ ನೋಡೋಣ ಅನ್ನುವಂತಿಲ್ಲ. ತಕ್ಷಣ ಆಸ್ಪತ್ರೆ, ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್. ಈ ಭಾಗ ಲೇಖನದ ಮೊದಲ ಅರ್ಧದಲ್ಲೇ ಬರಲಿ.

ಇನ್ನು ಸಣ್ಣಪುಟ್ಟವು. 1947–48ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಮಕ್ಕಳ ಲ್ಯುಕೇಮಿಯಾಕ್ಕೆ ಅಮಿನೊಪ್ಟೆರಿನ್ ಅನ್ನೋ ಔಷಧಿ ಕೊಟ್ಟ ಕಥೆ ನಾಲ್ಕು ಸಾಲು ಸಾಕು. ಎಲ್ಲ ಬಗೆಯ ಲ್ಯುಕೇಮಿಯಾವನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಕೆಲವು ಬಗೆಗಳಿಗೆ ಕೊಡುವ ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧಿ ಮಜ್ಜೆಗೆ ಅಷ್ಟಾಗಿ ಪೆಟ್ಟು ಕೊಡುವುದಿಲ್ಲ, ಇನ್ನು ಕೆಲವಕ್ಕೆ ಕೊಡುವ ಇಮ್ಯಾಟಿನಿಬ್ ಮಾತ್ರೆಯ ದಾರಿಯೇ ಬೇರೆ. ಒಂದು ಬಗೆ ಆರಿಸಿಕೊಂಡು ಅದನ್ನೇ ಸರಿಯಾಗಿ ಬರೆಯಿರಿ.

ನಿಮ್ಮಲ್ಲಿ ಬರೆಯುವ ಶಕ್ತಿ ಇದೆ ಅಂತ ಗೊತ್ತಾಗಿದ್ದು ಮೂರನೇ ಪುಟದಲ್ಲಿ. ಸೊಂಟದ ಹಿಂಭಾಗದ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆಯುವುದು, ಅದನ್ನು ಗಾಜಿನ ಮೇಲೆ ಸುರಿದಾಗ ರಕ್ತದ ನಡುವೆ ಕಾಣುವ ಸಣ್ಣ ಮಾಸಲು ಚೂರುಗಳು. ಅಲ್ಲಿ ಒಂದೂ ಅಸ್ತ್ರ ಇಲ್ಲ, ಕಣ್ಣಿಗೆ ಕಟ್ಟುತ್ತದೆ. ಲೇಖನ ಅಲ್ಲಿಂದಲೇ ಶುರು ಮಾಡಿ. ಜೊತೆಗೆ ಕೀಮೋ ಶುರುವಾದ 14ನೇ ದಿನದ ಸುಮಾರಿಗೆ ಮಾಡುವ ಮಜ್ಜೆಯ ಪರೀಕ್ಷೆಯನ್ನೂ ಸೇರಿಸಿ. ಆಗ ಮೈಕ್ರೋಸ್ಕೋಪಿನಲ್ಲಿ ಮಜ್ಜೆ ಬಹುತೇಕ ಖಾಲಿ ಕಾಣಬೇಕು, ಬರೀ ಕೊಬ್ಬು, ಅಲ್ಲೊಂದು ಇಲ್ಲೊಂದು ಕೋಶ. ವೈದ್ಯರು ಆ ಖಾಲಿಯನ್ನೇ ಹುಡುಕುತ್ತಿರುತ್ತಾರೆ. ಯಾಕೆ ಅಂತ ನೀವು ವಿವರಿಸಿದರೆ ಓದುಗರು ಕೊನೆಯವರೆಗೂ ಬರುತ್ತಾರೆ.

ಮತ್ತೆ ಕಳಿಸುವ ಮೊದಲು ರಕ್ತರೋಗ ತಜ್ಞರೊಬ್ಬರಿಗೆ ತೋರಿಸಿ, ಮುಖ್ಯವಾಗಿ ಜ್ವರದ ಭಾಗ. ಕಾಯುತ್ತಿರುತ್ತೇನೆ.