ಡ್ರಗ್ ಚೆಕಿಂಗ್ (ತಗೊಳ್ಳೋಕೆ ಮುಂಚೆ ಡ್ರಗ್‌ನಲ್ಲಿ ಏನಿದೆ ಅಂತ ಟೆಸ್ಟ್) ಮಾಡಿಸಿದ್ರೆ ಓವರ್‌ಡೋಸ್ ನಿಜವಾಗ್ಲೂ ಕಮ್ಮಿ ಆಗುತ್ತಾ, ಇಲ್ಲಾ "ಇದು ಸೇಫ್, ತಗೋ" ಅಂತ ಸರ್ಟಿಫಿಕೇಟ್ ಕೊಟ್ಟಂಗಾ?

ಸರ್ಟಿಫಿಕೇಟ್ ಅಂತೂ ಅಲ್ಲ. ಇಂಥ ಒಂದು ಸರ್ವೀಸ್‌ನಲ್ಲಿ ಒಂದೂವರೆ ವರ್ಷ ವಾಲಂಟಿಯರ್ ಆಗಿದ್ದೆ, "ಸೇಫ್" ಅನ್ನೋ ಪದ ಬಾಯಲ್ಲಿ ಬರಬಾರದು ಅನ್ನೋದೇ ನಮಗೆ ಹೇಳಿಕೊಟ್ಟ ಮೊದಲ ಪಾಠ.

ಓವರ್‌ಡೋಸ್ ಅಂದ್ರೆ ಯಾರೋ ಆಸೆಬಿದ್ದು ಜಾಸ್ತಿ ತಗೊಂಡ ಅಂತ ಜನ ಅಂದ್ಕೋತಾರೆ. ಎಷ್ಟೋ ಸಲ ತಗೊಂಡಿರೋದು ದಿನಾ ತಗೊಳ್ಳೋಷ್ಟೇ, ಒಳಗಿರೋ ಮಾಲು ಬೇರೆ. ಹೆರಾಯಿನ್ ಅಂತ ತಂದಿದ್ರಲ್ಲಿ ಅದಕ್ಕಿಂತ ಸುಮಾರು 50 ಪಟ್ಟು ಸ್ಟ್ರಾಂಗ್ ಇರೋ ಫೆಂಟನಿಲ್ ಇರುತ್ತೆ, ನೋಡೋಕೆ ಅದೇ ಪುಡಿ, ಕಣ್ಣಿಗೆ ನಾಲಿಗೆಗೆ ಏನೂ ಗೊತ್ತಾಗಲ್ಲ.

ನಾವು ಮಾಡ್ತಿದ್ದಿದ್ದು ಇಷ್ಟು. ಬೆಂಕಿಕಡ್ಡಿ ತಲೆಯಷ್ಟು ಪುಡಿನ ನೀರಲ್ಲಿ ಕರಗಿಸಿ ಫೆಂಟನಿಲ್ ಪತ್ತೆಹಚ್ಚೋ ಟೆಸ್ಟ್ ಸ್ಟ್ರಿಪ್ ಅದ್ದೋದು, ಕೆಲವೇ ನಿಮಿಷ ಕಾಯೋದು. ಒಂದು ಗೆರೆ ಬಂದ್ರೆ ಫೆಂಟನಿಲ್ ಇದೆ ಅಂತ, ಎರಡು ಬಂದ್ರೆ ಸಿಕ್ಕಿಲ್ಲ ಅಂತ. ಹೌದು, ಪ್ರೆಗ್ನೆನ್ಸಿ ಕಿಟ್‌ಗೆ ಪೂರ್ತಿ ಉಲ್ಟಾ, ಮೊದಲ ವಾರ ನಾನೇ ತಪ್ಪಾಗಿ ಓದಿ ಹೇಳೋಕೆ ಹೋಗಿದ್ದೆ, ಪಕ್ಕದಲ್ಲಿದ್ದ ಸೀನಿಯರ್ ಕೈ ಹಿಡಿದು ನಿಲ್ಲಿಸಿದ್ರು, ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆಲಿ ಒಂಥರಾ ಆಗುತ್ತೆ. ಈ ಸ್ಟ್ರಿಪ್ ಇದೆ-ಇಲ್ಲ ಅಂತ ಹೇಳುತ್ತೆ, ಎಷ್ಟಿದೆ ಅಂತ ಹೇಳಲ್ಲ, ನಿಟಾಜೀನ್ ಅನ್ನೋ ಇನ್ನೊಂದು ಗುಂಪಿನ ಸ್ಟ್ರಾಂಗ್ ಡ್ರಗ್ಸ್ ಇದಕ್ಕೆ ಕಾಣೋದೇ ಇಲ್ಲ, ಅದಕ್ಕೆ ಬೇರೆ ಸ್ಟ್ರಿಪ್. ಇನ್‌ಫ್ರಾರೆಡ್ ಬೆಳಕಲ್ಲಿ ಟೆಸ್ಟ್ ಮಾಡೋ ಎಫ್‌ಟಿಐಆರ್ ಮೆಷಿನ್ ಏನೇನು ಬೆರೆಸಿದಾರೆ ಅಂತ ತೋರಿಸುತ್ತೆ ಆದ್ರೆ ಸುಮಾರು 5% ಗಿಂತ ಕಮ್ಮಿ ಇದ್ರೆ ಅದಕ್ಕೂ ತಪ್ಪಿಹೋಗುತ್ತೆ, ಫೆಂಟನಿಲ್ ಅಷ್ಟೇ ಇದ್ರೂ ಪ್ರಾಣ ತೆಗೆಯುತ್ತೆ, ಅದಕ್ಕೇ ಎರಡೂ ಒಟ್ಟಿಗೆ ಮಾಡೋದು. ಇಷ್ಟಾದ್ಮೇಲೂ ಪುಡಿ ಅನ್ನೋದು ಸರಿಯಾಗಿ ಕಲಸದ ಸಿಮೆಂಟ್ ಇದ್ದಂಗೆ, ಒಂದು ಮೂಲೆಲಿ ಬರೀ ಮರಳು ಇನ್ನೊಂದು ಮೂಲೆಲಿ ಗಟ್ಟಿ, ನಮ್ಮ ಕೈಗೆ ಬಂದ ಚಿಟಿಕೆ ಕ್ಲೀನ್ ಇದ್ರೆ ಉಳಿದಿದ್ದೂ ಹಂಗೇ ಅನ್ನೋಕಾಗಲ್ಲ.

ಮತ್ತೆ ಉಪಯೋಗ ಏನು ಅಂದ್ರೆ, ಆ ಕಾಯೋ ಹೊತ್ತಲ್ಲಿ ನಡೆಯೋ ಮಾತು. ಒಬ್ಬನೇ ಇರುವಾಗ ತಗೋಬೇಡ, ಮೊದಲು ಸ್ವಲ್ಪವೇ ತಗೊಂಡು ನೋಡು, ಹೆರಾಯಿನ್, ಫೆಂಟನಿಲ್ ಓವರ್‌ಡೋಸ್ ಇಳಿಸೋ ಔಷಧಿ ನಲೋಕ್ಸೋನ್ ಹೆಂಗೆ ಕೊಡೋದು, ಪ್ರಾಣಿಗಳಿಗೆ ಮಂಪರು ಬರಿಸೋ ಔಷಧಿ ಜೈಲಜೀನ್ ಬೆರೆತಿದ್ರೆ ಅದರ ಮಂಪರು ನಲೋಕ್ಸೋನ್‌ಗೆ ಇಳಿಯಲ್ಲ ಆದ್ರೂ ಕೊಡ್ಬೇಕು, ಉಸಿರಾಟ ನೋಡ್ತಾ ಇರ್ಬೇಕು, ಆಂಬುಲೆನ್ಸ್ ಕರೀಬೇಕು, ಇಂಥವೆಲ್ಲ. ಒಂದಿನ ಒಬ್ಬ ಹುಡುಗ ಪಾಸಿಟಿವ್ ಅಂತ ಕೇಳಿ ಸುಮ್ನೆ ನಿಂತ, ಆಮೇಲೆ "ಬೆಳಿಗ್ಗೆ ಇದೇ ಪೊಟ್ಟಣದಲ್ಲಿ ನನ್ನ ತಮ್ಮಂಗೂ ಕೊಟ್ಟಿದೀನಿ" ಅಂದ, ಫೋನ್ ಕಿವಿಗಿಟ್ಕೊಂಡೇ ಹೊರಗೆ ಓಡಿದ.

ಒಬ್ಬರ ಚಿಟಿಕೆಯಿಂದ ಎಷ್ಟೋ ಜನಕ್ಕೆ ಸುದ್ದಿ ಮುಟ್ಟುತ್ತೆ ನೋಡಿ. ನೆದರ್ಲೆಂಡ್ಸ್‌ನಲ್ಲಿ 1992ರಿಂದ ಈ ವ್ಯವಸ್ಥೆ ಇದೆ. 2014ರ ಡಿಸೆಂಬರ್‌ನಲ್ಲಿ ಸೂಪರ್‌ಮ್ಯಾನ್ ಗುರುತಿನ ಗುಲಾಬಿ ಎಕ್ಸ್‌ಟಸಿ ಮಾತ್ರೆಲಿ ಪಿಎಂಎಂಎ ಅನ್ನೋ ಅಪಾಯದ ಡ್ರಗ್ ಸಿಕ್ಕಿದಾಗ ಅಲ್ಲಿ ಟಿವಿವರೆಗೂ ಎಚ್ಚರಿಕೆ ಹೋಯ್ತು, ಯಾರೂ ಸಾಯಲಿಲ್ಲ, ಅದೇ ಮಾತ್ರೆಯಿಂದ ಬ್ರಿಟನ್‌ನಲ್ಲಿ ಜನ ಸತ್ರು. ನ್ಯೂಜಿಲೆಂಡ್ 2021ರಲ್ಲಿ ಇದಕ್ಕೆ ಕಾನೂನೇ ಮಾಡ್ತು.

ಸಾವು ಇಷ್ಟೇ ಕಮ್ಮಿ ಆಯ್ತು ಅಂತ ನೇರ ಲೆಕ್ಕ ತೋರಿಸೋದು ಕಷ್ಟ, ಆಗದೇ ಇದ್ದ ಸಾವನ್ನ ಯಾರು ಎಣಿಸ್ತಾರೆ. ಇನ್ನು ಕುಮ್ಮಕ್ಕು ಕೊಟ್ಟಂಗೆ ಅನ್ನೋ ಮಾತು ನಂಗೆ ಒಪ್ಪಿಗೆ ಇಲ್ಲ, ಬರೋರ ಜೇಬಲ್ಲಿ ಮಾಲು ಆಗ್ಲೇ ಇರುತ್ತೆ. ನನ್ನ ತಕರಾರು ಬೇರೆ: ನಮ್ಮ ಟೇಬಲ್ ಸಂಜೆ ಏಳಕ್ಕೆ ಮುಚ್ತಿತ್ತು, ಜನ ಕೊಳ್ಳೋದು ರಾತ್ರಿ.