ಮಹಾಗನಿ ಮೇಲೆ ಗೆರೆ ಕಾಣುವ ಬಿಳಿ

ಮಹಾಗನಿ ಗಿಟಾರಿಗೆ ಮರದ ಗೆರೆ ಕಾಣುವಂತೆ ತೆಳು ಬಿಳಿ ಹೊಡೆದರೆ ಗುಲಾಬಿ ಛಾಯೆ ಬರುತ್ತದೆ, ತಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ. ಮರದ ಕೆಂಪೇ ಅದಕ್ಕೆ ಕಾರಣ. 1950ರ ದಶಕದ ಫೆಂಡರ್ ಗಿಟಾರುಗಳ ‘ಬ್ಲಾಂಡ್’, ಅಂದರೆ ಗೆರೆ ಕಾಣುವ ತೆಳು ಬಿಳಿ, ಅಷ್ಟು ಚೆನ್ನಾಗಿ ಬಂದದ್ದು ಆ್ಯಶ್ ಮರ ಮೊದಲೇ ಬಿಳುಪಾಗಿದ್ದರಿಂದ.

ಹಾಗಾಗಿ ಮೊದಲು ಮರವನ್ನೇ ಬ್ಲೀಚ್ ಮಾಡಿ. ಕಾಸ್ಟಿಕ್ ಸೋಡಾ, ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಇರುವ ವುಡ್ ಬ್ಲೀಚೇ ಬೇಕು, ಬಟ್ಟೆಯದು ಸಾಲದು. ಗ್ಲೌಸ್, ಕನ್ನಡಕ ಇಲ್ಲದೆ ದಯವಿಟ್ಟು ಮುಟ್ಟಬೇಡಿ. ಪೂರ್ತಿ ಒಣಗಿದ ಮೇಲೆ ಮೇಣ ತೆಗೆದ ಶೆಲ್ಯಾಕ್ (ಅರಗಿನ ವಾರ್ನಿಷ್) ಒಂದು ಕೋಟ್ ಕೊಡಿ. ಉಳಿದ ಕೆಂಪು ಮೇಲಕ್ಕೆ ಬರದಂತೆ ಅದು ತಡೆಯುತ್ತದೆ.

ಮಹಾಗನಿಯ ರಂಧ್ರಗಳಿಗೆ ಬಿಳಿ ಫಿಲ್ಲರ್ ತುಂಬಿ. ಆಮೇಲೆ ಪಾರದರ್ಶಕ ಲೇಪವಾದ ಕ್ಲಿಯರ್ ಲ್ಯಾಕರ್‌ಗೆ ಸ್ವಲ್ಪವೇ ಬಿಳಿ ಪಿಗ್ಮೆಂಟ್ ಬೆರೆಸಿ, ತೆಳುವಾಗಿ ಸ್ಪ್ರೇ ಮಾಡುತ್ತಾ ಹೋಗಿ. ಬ್ರಶ್ ಬೇಡವೇ ಬೇಡ, ಪಟ್ಟೆ ಬೀಳುತ್ತದೆ. ಗೆರೆ ಇನ್ನೂ ಕಾಣುವಾಗಲೇ ನಿಲ್ಲಿಸಿ ಕ್ಲಿಯರ್ ಹೊಡೆಯಿರಿ. ನೈಟ್ರೋ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ವರ್ಷ ಕಳೆದಂತೆ ಹಳದಿಯಾಗುತ್ತದೆ, ಬಿಳಿ ಉಳಿಯಬೇಕಾದರೆ ಅಕ್ರಿಲಿಕ್ ಲ್ಯಾಕರ್ ಒಳ್ಳೆಯದು. ಇದೆಲ್ಲ ಮೊದಲು ಅದೇ ಮರದ ತುಂಡಿನ ಮೇಲೆ ಮಾಡಿ ನೋಡಿ.